ಕಾಲಿಗೆ ನೀರು

ತೊಟ್ಟಿಗೆ ಬೀಳುತ್ತಿದ್ದ ನೀರು ನಿಂತದ್ದು ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ. ಸಮಯ ಇಷ್ಟು ಖಚಿತವಾಗಿ ಗೊತ್ತಿರಲು ಕಾರಣ, ಆಗ ನನ್ನ ಕೈಯಲ್ಲಿ ಫೋನಿತ್ತು. ಸಮೀಕ್ಷೆಯ ಆ್ಯಪಿನಲ್ಲಿ ‘ಯಶಸ್ವಿಯಾಗಿ ಸಲ್ಲಿಸಲಾಗಿದೆ’ ಎಂಬ ಹಸಿರು ಅಕ್ಷರ ಮೂಡಲಿ ಎಂದು ಪರದೆಯನ್ನೇ ನೋಡುತ್ತ ನಿಂತಿದ್ದೆ. ಅಕ್ಷರ ಮೂಡಿತು. ಅದೇ ಹೊತ್ತಿಗೆ ಬೆನ್ನ ಹಿಂದಿನ ಸದ್ದು ಇಲ್ಲವಾಯಿತು.

ನಮ್ಮ ಕಡೆಯ ಮನೆಗಳಿಗೆ ನೀರು ಬರುವುದು ಗುಡ್ಡದಿಂದ. ಮೇಲೆ ಒರತೆಯಿರುವಲ್ಲಿ ಸಣ್ಣ ಗುಂಡಿ ಮಾಡಿ, ಅಲ್ಲಿಂದ ಕಪ್ಪು ಪೈಪಿನಲ್ಲಿ ಅಂಗಳದ ತೊಟ್ಟಿಗೆ ಬಿಟ್ಟುಕೊಳ್ಳುತ್ತೇವೆ. ಮೋಟಾರು ಬೇಡ, ಕರೆಂಟು ಬೇಡ. ಹಗಲೂ ರಾತ್ರಿ ಬೀಳುತ್ತಲೇ ಇರುವುದರಿಂದ ಕಿವಿಗೆ ಆ ಸದ್ದು ಕೇಳುವುದೇ ಇಲ್ಲ. ನಿಂತಾಗ ಮಾತ್ರ ಗೊತ್ತಾಗುತ್ತದೆ. ನಿಂತರೆ ಪೈಪಿನ ಬಾಯಿಗೆ ಎಲೆ ಸಿಕ್ಕಿಕೊಂಡಿದೆ ಎಂದು ಲೆಕ್ಕ. ಯಾರಾದರೂ ಕತ್ತಿ ಹಿಡಿದು ಗುಡ್ಡ ಹತ್ತಿ ಎಲೆ ತೆಗೆದು ಬರುತ್ತಾರೆ. ಹದಿನೈದು ನಿಮಿಷದ ಕೆಲಸ. ಆ ಕೆಲಸಕ್ಕೆ ಹೊರಟವರನ್ನು ತಡೆದು ‘ಯಾಕೆ ಹೋಗುತ್ತೀರಿ’ ಎಂದು ಕೇಳಿದವರನ್ನು ನಾನು ಈವರೆಗೆ ಕಂಡಿಲ್ಲ.

ಅದು ನಮ್ಮ ಮನೆಯ ಅಂಗಳವಲ್ಲ. ಕೊಪ್ಪ ತಾಲ್ಲೂಕಿನ ನಾರ್ವೆ ಊರಿನಿಂದ ಒಳಗೆ ಒಂದು ಹಳ್ಳದ ಈಚೆ ಬದಿಗೆ ನಮ್ಮ ಮನೆ, ಆಚೆ ಬದಿಗೆ ಭಾವನ ಮನೆ. ಭಾವ, ಅಕ್ಕ ಎಂದರೆ ನೆಂಟರೇನೂ ಅಲ್ಲ. ಮದುವೆಯಾಗಿ ಬಂದ ದಿನದಿಂದ ಹಾಗೆ ಕರೆದು ರೂಢಿ. ಅವರಿಗಿದ್ದದ್ದು ಎಕರೆಗೂ ಕಡಿಮೆ ಅಡಿಕೆ ತೋಟ. ಅದರ ಕೆಲಸ ಮುಗಿಸಿ ಇಬ್ಬರೂ ಬೇರೆಯವರ ತೋಟಕ್ಕೆ ಕೂಲಿಗೂ ಹೋಗುತ್ತಿದ್ದರು. ಅಕ್ಕ ಹುಟ್ಟಿ ಬೆಳೆದದ್ದು ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ. ಸ್ವಂತ ಜಾಗವಿರುವ ಗಂಡು ಎಂಬ ಒಂದೇ ಕಾರಣಕ್ಕೆ ಭಾವನನ್ನು ಒಪ್ಪಿದೆ ಎಂದು ಅವನ ಎದುರೇ ಹೇಳಿ ನಗುತ್ತಿದ್ದಳು.

ನಾನು ಕೊಪ್ಪದಲ್ಲಿ ಬಿ.ಎ. ಮಾಡಿದವಳು, ಭೂಗೋಳ ನನ್ನ ಒಂದು ವಿಷಯ. ನನ್ನ ಗಂಡ ಖಾಸಗಿ ಬಸ್ಸಿನಲ್ಲಿ ಕಂಡಕ್ಟರು. ಬೆಳೆ ಸಮೀಕ್ಷೆಯ ಕಾಲದಲ್ಲಿ ನಾನು ಊರಿನ ಜಮೀನುಗಳಿಗೆ ಹೋಗಿ ಫೋಟೊ ತೆಗೆದು ಆ್ಯಪಿಗೆ ಹಾಕುವ ಕೆಲಸ ಮಾಡುತ್ತಿದ್ದೆ. ಸರ್ಕಾರದ ಕಾಗದದಲ್ಲಿ ನಮ್ಮಂಥವರನ್ನು ‘ಖಾಸಗಿ ನಿವಾಸಿ’ ಎನ್ನುತ್ತಾರೆ. ಮಳೆಯಿಂದ ಹಾನಿಯಾದಾಗ ಗ್ರಾಮ ಆಡಳಿತ ಅಧಿಕಾರಿಯ ಜೊತೆಗೆ ಹೋಗಿ ಅದರ ಫೋಟೊವನ್ನೂ ನಾನೇ ಹಾಕಬೇಕಿತ್ತು. ಅಧಿಕಾರಿ ಬಯಲುಸೀಮೆಯ ಹುಡುಗ, ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ. ಹುದ್ದೆಯ ಹೆಸರು ಎಷ್ಟು ಸಲ ಬದಲಾದರೂ ನಮ್ಮವರ ಬಾಯಲ್ಲಿ ಅವನು ಶಾನುಭೋಗರೇ.

ಆ ದಿನ ಹೊಳವಾಗಿತ್ತು. ವಾರಗಟ್ಟಲೆ ಹೊಯ್ದ ಮಳೆ ಹಿಂದಿನ ದಿನವಷ್ಟೇ ನಿಂತು, ಬಿಸಿಲು ಬಿದ್ದಿತ್ತು. ಭಾವನ ತೋಟದ ಮೇಲ್ಮೂಲೆಯಲ್ಲಿ ಧರೆ ಜರಿದು ಒಂದಷ್ಟು ಮರ ಮಣ್ಣಿನಡಿ ಹೋಗಿದ್ದವು. ನಾವು ಬಂದದ್ದು ಅದನ್ನು ನೋಡಲು. ನಾನು ಎರಡು ಸಲ ಎಣಿಸಿದೆ. ಹದಿನಾರು ಮರ.

‘ಹದಿನಾರೆಂತಕೆ ಮಾರಾಯ್ತಿ, ಆ ಬದೀದೂ ಸೇರ್ಸು’ ಎಂದ ಭಾವ. ‘ಅವೂ ಇನ್ನೆಂತ ಉಳಿತಾವಾ?’

‘ನಿಂತಿದಾವಲ್ಲ ಭಾವ.’

‘ಇವತ್ತು ನಿಂತಿದಾವೆ. ನಾಳೆ ನೀ ಬತ್ತಿಯಾ ಎಣ್ಸಕೆ?’

ಒಟ್ಟು ಬೆಳೆಯಲ್ಲಿ ಮೂರರಲ್ಲೊಂದು ಪಾಲು ಹೋಗಿದ್ದರೆ ಮಾತ್ರ ಪರಿಹಾರ. ಅದಕ್ಕಿಂತ ಕಡಿಮೆಯಾದರೆ ಏನೂ ಇಲ್ಲ. ಹದಿನಾರು ಮರ ಆ ಮಿತಿಯ ಹತ್ತಿರಕ್ಕೂ ಬರುವುದಿಲ್ಲ ಎಂದು ನನಗೂ ಗೊತ್ತು, ಅವನಿಗೂ ಗೊತ್ತು.

‘ಫೋಟೊದಲ್ಲಿ ಎಲ್ಲಾ ಕಾಣ್ತದೆ. ಸುಳ್ಳು ಹಾಕಿದ್ರೆ ನನ್ನ ತಲೆಗೇ ಬರ್ತದೆ’ ಎಂದೆ. ದನಿ ಸ್ವಲ್ಪ ಗಡುಸಾಗಿಯೇ ಇತ್ತು. ಪಕ್ಕದಲ್ಲಿ ಅಧಿಕಾರಿಯಿದ್ದ ಎಂಬುದೂ ಅದಕ್ಕೆ ಕಾರಣವಿರಬೇಕು.

ಭಾವ ನಕ್ಕ. ‘ಓದಿದವ್ರನ್ನ ನೆರೆಮನೆಗೆ ತಂದಿಟ್ಕಂಡ್ರೆ ಹಿಂಗೇ ನೋಡಿ ಶಾನುಭೋಗ್ರೆ’ ಎಂದು ಅವನ ಕಡೆ ತಿರುಗಿ ಹೇಳಿ, ಫೋಟೊಗೆ ನಿಂತ. ಜಮೀನಿನ ಮಾಲೀಕ ಚಿತ್ರದಲ್ಲಿರಬೇಕು ಎಂಬುದು ನಿಯಮ. ಮಣ್ಣಿನ ಮುಂದೆ ಟವೆಲನ್ನು ಸರಿಮಾಡಿಕೊಂಡು, ಮದುವೆ ಮನೆಯಲ್ಲಿ ನಿಲ್ಲುವ ಹಾಗೆ ನಿಂತಿದ್ದ.

ತೋಟದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಅಂಗಳದ ತೊಟ್ಟಿಯ ಹತ್ತಿರ ಮಾತ್ರ ಎರಡು ಕಡ್ಡಿ ಬರುತ್ತದೆ. ಮೇಲೆ ಬಂದು ನಾನು ಅಲ್ಲಿ ನಿಂತು ಫೋಟೊ ಕಳಿಸಿದೆ. ಅಧಿಕಾರಿ ಪ್ಯಾಂಟು ಮಡಚಿಕೊಂಡು ತೊಟ್ಟಿಯ ಪಕ್ಕದ ಕಲ್ಲಿನ ಮೇಲೆ ನಿಂತಿದ್ದ. ಮೊಣಕಾಲಿನವರೆಗೆ ಕೆಸರು, ಇಂಬಳ ಕಚ್ಚಿದ ಕಡೆಯಲ್ಲೆಲ್ಲ ರಕ್ತ. ಒಳಗೆ ಅಕ್ಕ ಕಾಫಿಗೆ ಇಟ್ಟಿದ್ದಳು. ನೀರು ನಿಂತದ್ದು ಆಗ.

‘ಎಂತ ಅವಸ್ಥೆ ಮಾರ್ರೆ!’ ಎಂದು ಭಾವ ನಾಚಿಕೊಂಡ. ‘ಶಾನುಭೋಗ್ರು ಕಾಲು ತೊಳಿಯ ಹೊತ್ತಿಗೇ ನಿಲ್ಬೇಕಾ ಇದು?’

‘ಬಿಡಣ್ಣ, ತೊಟ್ಟೀಲಿ ಐತಲ್ಲ, ಇದ್ರಾಗೇ ತೊಳ್ಕೊಂತೀನಿ’ ಎಂದ ಆ ಹುಡುಗ.

ತೊಟ್ಟಿಯ ನೀರು ಕೆಂಪಾಗಿತ್ತು. ಭಾವ ಅದನ್ನು ನೋಡಿ, ‘ಛೆ, ರಾಡಿ ನೀರು. ಹೆಂಗ್ ಕೊಡದು ನಿಮ್ಗೆ? ನೀವು ಕೂತ್ಕಳಿ, ಎಲೆ ಸಿಕ್ಕಿರತ್ತೆ, ಐದ್ ನಿಮ್ಷ’ ಎಂದು ಕತ್ತಿ ತೆಗೆದುಕೊಂಡ.

ಮನೆಗೆ ಬಂದವರ ಕಾಲಿಗೆ ನೀರು ಕೊಡದೆ ಒಳಗೆ ಕರೆಯುವುದು ನಮ್ಮಲ್ಲಿ ಇಲ್ಲ. ಬೇರೆ ಯಾವುದಕ್ಕೆ ಬಡತನವಿದ್ದರೂ ಮಲೆನಾಡಿನವರು ನೀರಿಗೆ ಬಡತನ ತೋರಿಸುವುದಿಲ್ಲ. ಅವನು ಗುಡ್ಡ ಹತ್ತಿದ್ದು ಅದಕ್ಕಾಗಿ.

ಇನ್ನು ನಾನು ಬರೆಯಬೇಕಾದದ್ದನ್ನು ಬರೆಯುತ್ತೇನೆ. ಇಳಿಜಾರು ಕುಸಿಯುವ ಮುನ್ಸೂಚನೆಗಳು ಯಾವುವು ಎಂದು ನಮ್ಮ ಪರೀಕ್ಷೆಯಲ್ಲಿ ಪ್ರಶ್ನೆ ಬಂದಿತ್ತು. ಮರಗಳು ವಾಲುವುದು, ನೆಲದಲ್ಲಿ ಬಿರುಕು ಕಾಣುವುದು, ಒರತೆಯ ನೀರು ಕೆಂಪಾಗುವುದು, ಇದ್ದಕ್ಕಿದ್ದಂತೆ ನಿಂತುಹೋಗುವುದು. ನಾನು ಎಲ್ಲವನ್ನೂ ಬರೆದಿದ್ದೆ. ಭಾವ ಕತ್ತಿಗೆ ಕೈ ಹಾಕಿದಾಗ ಆ ಉತ್ತರ ನನಗೆ ನೆನಪಾಯಿತು. ಮಸುಕಾಗಿ ಅಲ್ಲ, ಶಬ್ದಶಬ್ದವಾಗಿ ನೆನಪಾಯಿತು. ಹೇಳಬೇಕು ಅನ್ನಿಸಿತು. ಆದರೆ ಅರ್ಧ ಗಂಟೆಯ ಹಿಂದೆ ಅವನ ಮರಗಳ ವಿಷಯದಲ್ಲಿ ಇಲ್ಲ ಎಂದಿದ್ದೆ. ಈಗ ನೀರಿನ ವಿಷಯದಲ್ಲೂ ನನ್ನ ಓದನ್ನು ತೆಗೆದು ತೋರಿಸಿದರೆ ಅವನು ಮತ್ತೆ ನಗುತ್ತಾನೆ, ಅಥವಾ ಈ ಸಲ ನಗುವುದಿಲ್ಲ. ಹಾಗೆ ಯೋಚಿಸಿ ಬಾಯಿ ಮುಚ್ಚಿಕೊಂಡೆ. ಯೋಚಿಸಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನನಗೆ ಸಿಕ್ಕಿತ್ತು. ಅವನು ಚಪ್ಪಲಿ ಬಿಟ್ಟು, ಪಂಚೆ ಎತ್ತಿಕಟ್ಟಿ, ‘ಕಾಪಿ ಆರ್ಸ್‌ಬೇಡ ಮಾರಾಯ್ತಿ’ ಎಂದು ಒಳಗೆ ಕೂಗಿ ಹೇಳಿ ಹೋದ.

ಮೊದಲು ಕಂಡದ್ದು ಒಂದು ಹಲಸಿನ ಮರ. ಅದು ಬೀಳಲಿಲ್ಲ. ನಿಂತ ಹಾಗೇ ಕೆಳಕ್ಕೆ ಬಂತು, ಯಾರೋ ಅದನ್ನು ತಳ್ಳುಗಾಡಿಯಲ್ಲಿಟ್ಟು ತಳ್ಳುತ್ತಿರುವ ಹಾಗೆ. ಆಮೇಲೆ ಸದ್ದು. ಲಾರಿಯಿಂದ ಜಲ್ಲಿ ಸುರಿಯುವಾಗ ಬರುವಂಥ ಸದ್ದು, ಆದರೆ ಆ ಸುರಿತ ಮುಗಿಯುತ್ತಲೇ ಇರಲಿಲ್ಲ. ಗುಡ್ಡದ ಒಂದು ಮಗ್ಗುಲು ಮನೆಯ ಪಕ್ಕದಿಂದ ಹಾದು ತೋಟದ ಮೇಲೆ ಹೋಯಿತು. ಅಡಿಕೆ ಮರಗಳು ಒಂದರ ಮೇಲೊಂದು ಮಲಗಿದವು. ಅಂಗಳದ ಅಂಚು ಒಡೆದು ತೊಟ್ಟಿ ವಾಲಿತು. ಹಸಿ ಬೇರಿನ ವಾಸನೆ ಎಷ್ಟು ದಟ್ಟವಾಗಿತ್ತೆಂದರೆ, ಈಗಲೂ ಯಾರಾದರೂ ಶುಂಠಿ ಅಗೆಯುತ್ತಿದ್ದರೆ ನಾನು ಅತ್ತ ಹೋಗುವುದಿಲ್ಲ.

ಅಕ್ಕ ಹೊರಗೆ ಬಂದಾಗ ಕೈಯಲ್ಲಿ ಇಕ್ಕಳವಿತ್ತು. ಅವಳು ಅಳಲಿಲ್ಲ. ‘ಎತ್ಲಾಗ್ ಹೋದ್ರು?’ ಎಂದು ನನ್ನನ್ನು ಕೇಳಿದಳು. ನಾನು ಕೈ ತೋರಿಸಿದೆ.

ಭಾವ ಸಿಕ್ಕಿದ್ದು ಅವನೇ ಕೂಗಿದ್ದರಿಂದ. ಎದೆಯವರೆಗೆ ಮಣ್ಣಿನಲ್ಲಿದ್ದ. ಹಿಂದೆ ದೊಡ್ಡ ಬೇರೊಂದು ಅಡ್ಡ ನಿಂತು ತಲೆಯನ್ನು ಉಳಿಸಿತ್ತು. ಅವನು ಕೂಗುತ್ತಿದ್ದದ್ದು, ‘ಕತ್ತಿ ಇಲ್ಲೇ ಎಲ್ಲೋ ಅದೆ, ಕೈ ಹಾಕ್ವಾಗ ನೋಡ್ಕಳಿ, ಕತ್ತಿ ನೋಡ್ಕಳಿ’ ಎಂದು. ಅಧಿಕಾರಿ ನಮ್ಮೆಲ್ಲರಿಗಿಂತ ಮುಂದೆ ಓಡಿ ಬರಿಗೈಯಲ್ಲಿ ಕೆದಕುತ್ತಿದ್ದ. ಮೇಲಿನಿಂದ ಇನ್ನೂ ಹೆಂಟೆ ಉರುಳುತ್ತಿತ್ತು. ಒಂದೊಂದು ಹೆಂಟೆ ಬಿದ್ದಾಗಲೂ ನಾನು ಹಿಂದಕ್ಕೆ ಹಾರುತ್ತಿದ್ದೆ, ಅಕ್ಕ ಹಾರುತ್ತಿರಲಿಲ್ಲ. ಪಕ್ಕದ ತೋಟದ ಆಳುಗಳು ಹಾರೆ ಗುದ್ದಲಿ ತಂದು ಅವನನ್ನು ಬಿಡಿಸಿದರು. ಏಣಿಯ ಮೇಲೆ ಮಲಗಿಸಿ ರಸ್ತೆಗೆ ಹೊತ್ತರು. ಕೊಪ್ಪದ ಆಸ್ಪತ್ರೆಯಿಂದ ಶಿವಮೊಗ್ಗಕ್ಕೆ ಕಳಿಸಿದರು. ಕಾಲು ಉಳಿಯಿತು. ಮಡಚಲು ಬರುವುದಿಲ್ಲ. ಇಳಿಜಾರಿನಲ್ಲಿ ಬದುಕುವವನಿಗೆ ಮಡಚದ ಕಾಲು ಎಷ್ಟು ಉಪಯೋಗಕ್ಕೆ ಬರುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ.

ತೋಟದಲ್ಲಿ ಉಳಿದದ್ದು ಹಳ್ಳದ ಬದಿಯ ಎರಡು ಸಾಲು.

ಮೊದಲ ವಾರ ಬಹಳ ಜನ ಬಂದರು. ಬಿಳಿ ಅಂಗಿಯವರು ಬಂದು ಬೂಟಿಗೆ ಕೆಸರು ತಾಗದ ಕಡೆ ನಿಂತು ಕೈ ತೋರಿಸುತ್ತಾ ಫೋಟೊ ತೆಗೆಸಿಕೊಂಡರು. ಪರಿಹಾರ ಖಂಡಿತ ಎಂದರು. ಅಕ್ಕ ನಂಬಿದಳು. ಜೆಸಿಬಿ ತರಿಸಿ ಮಣ್ಣು ತೆಗೆಸಿ ಹೊಸ ಸಸಿ ಇಡಲು ಅವಳಿಗೆ ಆ ಹಣ ಬಿಟ್ಟು ಬೇರೆ ದಾರಿಯಿರಲಿಲ್ಲ. ನರಸಿಂಹರಾಜಪುರದ ಕಡೆಯ ಎಸ್ಟೇಟೊಂದರಲ್ಲಿದ್ದ ಅವಳ ತಮ್ಮ, ‘ಇಲ್ಲಿ ಎಂತ ಇದೆ ಇನ್ನು, ಲೈನ್ ಮನೆ ಖಾಲಿ ಇದೆ, ಬಂದ್‌ಬಿಡಿ’ ಎನ್ನುತ್ತಿದ್ದ. ಭಾವ ಅರ್ಧ ಒಪ್ಪಿದ್ದ. ಅಕ್ಕ ಮಾತ್ರ, ‘ಆ ಲೈನಿಗೆ ನನ್ನ ಹೆಣ ಹೋಗ್ಬೇಕು’ ಎಂದಳು. ಪರಿಹಾರ ಬಂದರೆ ಇಲ್ಲಿ ಉಳಿಯುವುದು, ಬರದಿದ್ದರೆ ಹೋಗುವುದು. ಅಷ್ಟೇ ಇತ್ತು ಅವರ ಮುಂದೆ.

ಪಂಚಾಯ್ತಿ ಬೋರ್ಡಿನಲ್ಲಿ ಪಟ್ಟಿ ಅಂಟಿಸಿದಾಗ ನಾವಿಬ್ಬರೂ ಒಟ್ಟಿಗೆ ಹೋದೆವು. ಅವಳು ಬೆರಳಿಟ್ಟು ನಿಧಾನಕ್ಕೆ ಓದುತ್ತಾ ಬಂದಳು. ಭಾವನ ಹೆಸರು, ಸರ್ವೆ ನಂಬರು, ಅದರ ಮುಂದೆ ‘ನಷ್ಟ ಮಿತಿಗಿಂತ ಕಡಿಮೆ, ಅರ್ಹವಲ್ಲ’.

‘ಇದ್ಯಾರು ಬರ್ದಿದ್ದು?’

‘ನಾನೇ, ಅಕ್ಕ. ಅವತ್ತು ಬೆಳಿಗ್ಗೆ ಹಾಕಿದ್ನಲ್ಲ, ಅದೇ ಇರೋದು.’

ಅವಳು ಬೋರ್ಡಿನಿಂದ ಬೆರಳು ತೆಗೆದಳು. ‘ಆಗ ಸರಿಯಾಗೇ ಬರ್ದಿದ್ಯಲ್ಲ ಮಾರಾಯ್ತಿ. ನಿಂದೆಂತ ತಪ್ಪು ಇದ್ರಲ್ಲಿ’ ಎಂದಳು.

ಅವಳು ನನ್ನನ್ನು ಕ್ಷಮಿಸಿದ್ದು ನಾನು ಮಾಡದ ತಪ್ಪಿಗೆ. ಮಾಡಿದ ತಪ್ಪು ಏನೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಆ ಹೊತ್ತಿಗಾಗಲೇ ನನ್ನ ನಿದ್ದೆ ಹೋಗಿತ್ತು. ಮಲಗಿದರೆ ಕಿವಿ ನಮ್ಮ ತೊಟ್ಟಿಯ ನೀರಿನ ಮೇಲೆ. ಗಾಳಿಗೆ ಪೈಪು ಸರಿದು ಸದ್ದು ಸ್ವಲ್ಪ ಬದಲಾದರೂ ಎದ್ದು ಕೂರುತ್ತಿದ್ದೆ. ಗಂಡ ಪೈಪಿನ ತುದಿಗೆ ಬಟ್ಟೆ ಕಟ್ಟಿ ಸದ್ದು ಕಮ್ಮಿ ಮಾಡಿದ. ಆಗ ಸದ್ದೇ ಇಲ್ಲವಲ್ಲ ಎಂದು ಎದ್ದೆ. ಅವನು ಬಟ್ಟೆ ಬಿಚ್ಚಿದ. ‘ಡಾಕ್ಟ್ರಿಗೆ ತೋರ್ಸಣ’ ಎಂದ. ತೋರಿಸಿದೆವು, ಮಾತ್ರೆ ಕೊಟ್ಟರು. ಮಾತ್ರೆ ತೆಗೆದುಕೊಂಡರೆ ನೀರು ನಿಂತರೂ ಗೊತ್ತಾಗುವುದಿಲ್ಲ ಎಂದು ಹೆದರಿ ಬಿಟ್ಟೆ. ಹಗಲಿನಲ್ಲಿ ಫೋನು ತೆಗೆದು ಭಾವ ಟವೆಲು ಸರಿಮಾಡಿಕೊಂಡು ನಿಂತ ಆ ಚಿತ್ರವನ್ನು ನೋಡುತ್ತಿದ್ದೆ. ಅವನ ತಲೆಯ ಮೇಲೆ, ಚಿತ್ರದ ಅಂಚಿನಲ್ಲಿ ಆ ಹಲಸಿನ ಮರವಿದೆ. ಅದು ವಾಲಿದೆಯೇ ಇಲ್ಲವೇ ಎಂದು ದೊಡ್ಡದು ಮಾಡಿ ನೋಡುತ್ತಿದ್ದೆ. ಒಂದು ದಿನ ವಾಲಿದ ಹಾಗೆ ಕಾಣುತ್ತಿತ್ತು, ಇನ್ನೊಂದು ದಿನ ಇಲ್ಲ.

ಪಟ್ಟಿಯನ್ನು ತಿದ್ದಿಸಲು ತಾಲ್ಲೂಕು ಕಚೇರಿಗೆ ಅಲೆದೆ. ಒಂದು ಸರ್ವೆ ನಂಬರಿಗೆ ಒಂದು ಸಲ ಸಮೀಕ್ಷೆಯಾದರೆ ಆ್ಯಪು ಮತ್ತೆ ತೆರೆಯುವುದಿಲ್ಲ. ‘ನೀವೇ ಹಾಕಿದ್ದಲ್ವಾ ಮೇಡಂ? ಈಗ ನೀವೇ ತಪ್ಪು ಅಂತೀರಿ’ ಎಂದರು ಮೇಜಿನ ಆಚೆಯವರು. ತಪ್ಪಲ್ಲ, ಹಾಕಿದ ಇಪ್ಪತ್ತು ನಿಮಿಷಕ್ಕೆ ಗುಡ್ಡ ಬಂತು ಎಂದೆ. ಹಾಗಾದರೆ ಆ ದಿನ ನಡೆದದ್ದನ್ನು ಸಮಯ ಸಮೇತ ಬರೆದುಕೊಡಿ, ಅಧಿಕಾರಿಯ ಸಹಿಯೂ ಬೇಕು, ಮೇಲಿನವರು ಒಪ್ಪಿದರೆ ಮರುಪರಿಶೀಲನೆ ಎಂದರು.

ಬರೆದೆ. ಹನ್ನೊಂದು ಇಪ್ಪತ್ತಕ್ಕೆ ಸಲ್ಲಿಕೆ, ಅದೇ ಹೊತ್ತಿಗೆ ನೀರು ನಿಂತದ್ದು. ಆಮೇಲೆ ಒಂದು ಸಾಲು: ‘ಇದು ಕುಸಿತದ ಸೂಚನೆಯೆಂದು ನನಗೆ ತಿಳಿದಿತ್ತು, ನಾನು ಹೇಳಲಿಲ್ಲ.’ ಮುಂದೆ, ಹನ್ನೊಂದು ನಲವತ್ತಕ್ಕೆ ಗುಡ್ಡ ಜರಿದದ್ದು.

ಅಧಿಕಾರಿ ಅದನ್ನು ಬಸ್‌ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಕೂತು ಓದಿದ. ಆ ಸಾಲಿಗೆ ಬಂದು ನಿಂತ. ಆ ದಿನ ಮಣ್ಣು ಕೆದಕಿ ಕಿತ್ತುಹೋದ ಬೆರಳಿನ ಉಗುರುಗಳು ಅವನಿಗೆ ಇನ್ನೂ ಸರಿಯಾಗಿ ಬೆಳೆದಿರಲಿಲ್ಲ.

‘ಅಕ್ಕ, ಇದ್ಯಾಕ್ ಬರದ್ರಿ?’

‘ನಿಜ ಅದು.’

‘ನಿಜ ಇರ್ಬೋದು. ಈ ಸಾಲು ಇದ್ರೆ ಫೈಲು ಚಿಕ್ಕಮಗಳೂರಿಗೆ ಹೋಗ್ತೈತಿ. ಗೊತ್ತಿದ್ದೂ ಯಾಕ್ ಬಿಟ್ರು, ಅಧಿಕಾರಿ ಏನ್ ಮಾಡ್ತಿದ್ದ ಅಂತ ವಿಚಾರಣೆ. ನನ್ ಕೆಲಸ ಹೋದ್ರೆ ಹೋಗ್ಲಿ, ಅಣ್ಣಂಗೆ ದುಡ್ಡು ಬರೋದು ಯಾವಾಗ? ಎರಡು ಮಳೆಗಾಲ ಆಕ್ಕೈತಿ ನೋಡ್ರಿ.’

ಅವನು ಕಾಗದವನ್ನು ನನ್ನ ಕಡೆ ತಳ್ಳಿ, ಮೆಲ್ಲಗೆ ‘ನೀರು ಬೇಡ ಅಂತ ನಾನೂ ಗಟ್ಟಿಯಾಗಿ ಹೇಳ್ಬೇಕಿತ್ತಕ್ಕ’ ಎಂದ. ಆಮೇಲೆ ತಲೆ ತಗ್ಗಿಸಿ ದೋಸೆ ತಿಂದ.

ಆ ಸಾಲು ಬಿಟ್ಟು ಬೇರೆ ಹಾಳೆಯಲ್ಲಿ ಬರೆದೆ. ಉಳಿದದ್ದೆಲ್ಲ ನಿಜವೇ ಇತ್ತು. ಭಾವನ ಮನೆಗೆ ಬಂದು ಅದನ್ನು ಓದಿ ಹೇಳಿ, ಇಬ್ಬರ ಸಹಿ ಹಾಕಿಸಿಕೊಂಡ ದಿನ ಅಕ್ಕ ನನಗೆ ಒತ್ತಾಯ ಮಾಡಿ ಊಟ ಹಾಕಿದಳು. ಅವಳು ಬಡಿಸಿದ್ದನ್ನು ತಿಂದೆ. ಹೇಳಬಾರದು, ಹಣ ಬರುವವರೆಗೆ ಯಾರಿಗೂ ಹೇಳಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಅವಳಿಗೆ ಗೊತ್ತಾದರೆ ಸಿಟ್ಟಿನಲ್ಲಿ ಎಲ್ಲಿಯಾದರೂ ಅಂದುಬಿಟ್ಟಾಳು, ಫೈಲು ನಿಂತೀತು. ಅದು ಸರಿಯಾದ ಕಾರಣವೇ. ಆದರೆ ಬಾಯಿ ಮುಚ್ಚಿಕೊಳ್ಳಲು ನನಗೆ ಗುಡ್ಡ ಜರಿದ ದಿನವೂ ಒಂದು ಸರಿಯಾದ ಕಾರಣ ಸಿಕ್ಕಿತ್ತಲ್ಲ.

ಮರುಪರಿಶೀಲನೆಗೆ ಈ ಸಲ ತೋಟಗಾರಿಕೆಯವರೂ ಸೇರಿ ನಾಲ್ಕು ಜನ ಬಂದರು. ಫೋಟೊ ಬೇರೆಯವರು ತೆಗೆದರು. ಮುಂದಿನ ಸಮೀಕ್ಷೆಗೆ ನನ್ನನ್ನು ಕರೆಯಲಿಲ್ಲ, ನಾನೂ ಕೇಳಲಿಲ್ಲ. ಭಾವ ಕೋಲೂರಿಕೊಂಡು ಮಣ್ಣಿನ ಮುಂದೆ ನಿಂತ. ಟವೆಲು ಸರಿಮಾಡಿಕೊಳ್ಳಲಿಲ್ಲ.

ಹಣ ಬಂದದ್ದು ಅಡಿಕೆ ಸುಲಿಯುವ ಕಾಲದಲ್ಲಿ. ಅಕ್ಕ ಬೇರೆಯವರ ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುತ್ತಿದ್ದಾಗ ಫೋನಿಗೆ ಮೆಸೇಜು ಬಂತಂತೆ. ಸಂಜೆ ಹಳ್ಳ ದಾಟಿ ಬಂದು ನನಗೆ ತೋರಿಸಿ, ‘ಇದು ಅದೇಯಾ? ಸುಳ್ಳು ಮೆಸೇಜೆಂತಾರೂ ಅಲ್ದಲ’ ಎಂದು ಮೂರು ಸಲ ಓದಿಸಿದಳು. ಅದೇ ಹಣ. ಮಣ್ಣನ್ನೆಲ್ಲ ತೆಗೆಸಲು ಅದು ಸಾಲುವುದಿಲ್ಲ. ಅರ್ಧ ತೋಟದ ಮಣ್ಣು ತೆಗೆಸಬಹುದು, ಅಷ್ಟಕ್ಕೆ ಸಸಿ ಇಡಬಹುದು. ಸಸಿ ಫಲಕ್ಕೆ ಬರುವಷ್ಟರಲ್ಲಿ ಭಾವನಿಗೆ ಅರವತ್ತು ದಾಟುತ್ತದೆ. ಆದರೂ ಅಕ್ಕ ತಮ್ಮನಿಗೆ ಅಲ್ಲಿಂದಲೇ ಫೋನು ಮಾಡಿ, ನಾವು ಬರುವುದಿಲ್ಲ, ಆ ಲೈನ್ ಮನೆ ಯಾರಿಗಾದರೂ ಕೊಡಿ ಅನ್ನು ಎಂದಳು.

ಹಣ ಬಂದರೆ ನಿದ್ದೆ ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಇನ್ನು ತಡೆದುಕೊಳ್ಳಲು ನನ್ನ ಹತ್ತಿರ ಕಾರಣವೂ ಉಳಿದಿರಲಿಲ್ಲ. ಮಾರನೇ ದಿನ ಮಧ್ಯಾಹ್ನ ಹಳ್ಳ ದಾಟಿ ಹೋದೆ.

ಭಾವ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದ. ಅಕ್ಕ ಬಟ್ಟೆ ಒಣಗಿಸುತ್ತಿದ್ದಳು. ನಿಂತುಕೊಂಡೇ ಹೇಳಿದೆ. ನೀರು ಕೆಂಪಾದದ್ದು, ನಿಂತದ್ದು, ಅದು ಏನೆಂದು ನನಗೆ ಗೊತ್ತಿದ್ದದ್ದು, ಭಾವ ನಗುತ್ತಾನೆ ಎಂದು ಹೇಳದೆ ಇದ್ದದ್ದು.

ಭಾವನೇ ಮೊದಲು ಮಾತಾಡಿದ. ‘ಅಯ್ಯೋ, ನೀ ಹೇಳಿದ್ರೂ ನಾ ಕೇಳ್ತಿದ್ನಾ ಮಾರಾಯ್ತಿ? ಮನೆಗ್ ಬಂದವ್ರನ್ನ ಕೆಸರು ಕಾಲಲ್ಲಿ ನಿಲ್ಸಿ...’

‘ನೀವು ಸುಮ್ನಿರಿ’ ಎಂದಳು ಅಕ್ಕ. ಕೈಯಲ್ಲಿದ್ದ ಬಟ್ಟೆಯನ್ನು ಹಾಗೇ ಹಿಡಿದು ನನ್ನ ಕಡೆ ತಿರುಗಿದಳು. ‘ಇವ್ರು ಕೇಳ್ತಿದ್ರೋ ಬಿಡ್ತಿದ್ರೋ, ಅದು ಇವ್ರ ಕರ್ಮ. ನೀ ಹೇಳ್ಬೇಕಿತ್ತು. ಬಾಯಲ್ಲಿ ಎಂತ ಎಲೆ ಅಡಿಕೆ ತುಂಬ್ಕಂಡಿದ್ಯಾ? ನಂಗಾರೂ ಹೇಳ್ಬೇಕಿತ್ತು, ಒಳಗೇ ಇದ್ನಲ್ಲ! ಕಾಪಿ ಸೋಸ್ತಾ ಇದ್ದೆ. ಒಂದ್ ಕೂಗು ಕೂಗಿದ್ರೆ ನಾ ಕಾಲು ಹಿಡಿದು ನಿಲ್ಸ್ತಿದ್ದೆ. ಮರ ಎಣ್ಸುವಾಗ ಅಷ್ಟು ಮಾತು ಬಂತಲ್ಲ ನಿಂಗೆ?’



‘ಇಷ್ಟು ದಿನ ನನ್ನ ಕೈಯಲ್ಲಿ ಉಂಡ್ಯಲ್ಲೇ’ ಎಂದಳು. ಆಗ ಅವಳ ದನಿ ಒಡೆಯಿತು. ಗುಡ್ಡ ಬಿದ್ದ ದಿನದಿಂದ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ‘ಹೋಗು. ಈಗ ನನ್ನ ಕಣ್ಣೆದ್ರು ನಿಲ್ಬೇಡ. ಹೋಗು.’

ನಾನು ಅಂಗಳ ಇಳಿದು ಬಂದೆ. ಹಳ್ಳದ ಕಾಲುಸಂಕ ದಾಟಿದೆ. ಎಷ್ಟು ಜನ ನನಗೆ ‘ನಿನ್ನ ತಪ್ಪೇನಿದೆ’ ಎಂದಿದ್ದರೋ. ಏನೂ ಗೊತ್ತಿಲ್ಲದೆ ಗಂಡ ಅಂದಿದ್ದ, ಡಾಕ್ಟರು ಅಂದಿದ್ದರು, ಇವಳೇ ಬೋರ್ಡಿನ ಮುಂದೆ ಅಂದಿದ್ದಳು. ಹೇಳಬೇಕಿತ್ತು ಎಂದು ಬಾಯಿಬಿಟ್ಟು ಹೇಳಿದವಳು ಇವಳೊಬ್ಬಳೇ.

ಮನೆಗೆ ಬಂದು ಅನ್ನ ಮಾಡಿದೆ. ಗಂಡ ಕೊನೆಯ ಟ್ರಿಪ್ಪು ಮುಗಿಸಿ ಬಂದ ಮೇಲೆ ಅವನಿಗೂ ಹೇಳಿದೆ. ಅವನು ತಟ್ಟೆ ಎತ್ತಿಕೊಂಡು ತೊಳೆಯಲು ಹೋದ. ನಾನು ಮಲಗಿದೆ. ಮತ್ತೆ ಕಣ್ಣು ಬಿಟ್ಟಾಗ ಬೆಳಕಾಗಿತ್ತು. ಪಕ್ಕದಲ್ಲಿ ಹಾಸಿಗೆ ಖಾಲಿ. ಅವನು ಮೊದಲ ಟ್ರಿಪ್ಪಿಗೆ ಹೋಗಿಯಾಗಿತ್ತು. ಹೋಗುವಾಗ ಬಾಗಿಲು ಎಳೆದುಕೊಂಡದ್ದು ನನಗೆ ಗೊತ್ತಾಗಿರಲೇ ಇಲ್ಲ.